ಶಿಬಿರ ಮುಗಿದ ಮೇಲೆ ಎಷ್ಟು ಜನ ಉಳಿದರು?

ಪ್ರಶ್ನೆ: ನಾವು ಸಾಗರದ ಸುತ್ತಮುತ್ತ ಫೋಟೊ ತೆಗೆಯುವ ಗೆಳೆಯರು. ಇಕ್ಕೇರಿ, ಕೆಳದಿಯ ದೇವಸ್ಥಾನಗಳು, ಗೋಡೆಯ ಹಸೆ ಚಿತ್ತಾರ, ಗುಡಿಗಾರರ ಕೆತ್ತನೆ, ಎಲ್ಲವನ್ನೂ ಯಾರು ಬೇಕಾದರೂ ಬಳಸಬಹುದಾದ ಫೋಟೊಗಳ ಆನ್‌ಲೈನ್ ಸಂಗ್ರಹವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕುತ್ತಿದ್ದೇವೆ. ಹೋದ ಅಕ್ಟೋಬರ್‌ನಲ್ಲಿ ಎರಡು ದಿನ ಶಿಬಿರ ಮಾಡಿ 24 ಜನರಿಗೆ ಅಲ್ಲಿಗೆ ಒಟ್ಟಿಗೆ ಫೋಟೊ ಏರಿಸುವ ಪ್ಯಾಟಿಪ್ಯಾನ್ ಎಂಬ ಉಪಕರಣ ಕಲಿಸಿದೆವು. ಈವರೆಗೆ 4,100 ಫೋಟೊ ಏರಿವೆ. ಶಿಬಿರಕ್ಕೆ ಹಣ ಕೊಟ್ಟವರು, "ಜನ ಈ ಉಪಕರಣವನ್ನು ನಿಜಕ್ಕೂ ಬಳಸುತ್ತಿದ್ದಾರಾ? ಲೆಕ್ಕ ಕೊಡಿ" ಅನ್ನುತ್ತಿದ್ದಾರೆ. 4,100 ಅಂತ ಬರೆದುಕೊಟ್ಟರೆ ಸಾಕಲ್ವಾ?
– ಓದುಗರೊಬ್ಬರು, ಸಾಗರ

ಉತ್ತರ: ಸಾಲದು. 4,100 ಅನ್ನುವುದು ಹಸಿ ಅಡಿಕೆಯ ತೂಕ. ಅವರು ಕೇಳುತ್ತಿರುವುದು ಒಣಗಿದ ಮೇಲೆ ಎಷ್ಟು ಬಂತು ಅಂತ.

ಗೊತ್ತಿಲ್ಲದವರಿಗೆ ಒಂದು ಮಾತು. ಪ್ಯಾಟಿಪ್ಯಾನ್‌ಗೆ ಫೋಟೊಗಳಿರುವ ಫೋಲ್ಡರ್ ತೋರಿಸಿದರೆ ಅದು ಒಂದು ಸ್ಪ್ರೆಡ್‌ಶೀಟ್ ಮಾಡಿಕೊಡುತ್ತದೆ. ಸಾಲಿಗೊಂದು ಫೋಟೊ. ಹೆಸರು, ವಿವರಣೆ, ತಾರೀಖು, ತೆಗೆದವರು, ಪರವಾನಗಿ, ವರ್ಗ (ಒಂದೇ ವಿಷಯದ ಫೈಲ್‌ಗಳನ್ನು ಒಟ್ಟಿಗೆ ತೋರಿಸುವ ಪಟ್ಟಿಯ ಹೆಸರು) ಎಲ್ಲ ತುಂಬಿ ವಾಪಸ್ ಕೊಟ್ಟರೆ ತಪ್ಪಿದ್ದರೆ ಹೇಳಿ, ಸರಿಯಿದ್ದರೆ ಒಟ್ಟಿಗೆ ಏರಿಸುತ್ತದೆ.

ಈಗ ನಿಮ್ಮ ಲೆಕ್ಕ. ಮೊದಲು ಆ 4,100ನ್ನು ಖಾತೆವಾರು ಬಿಡಿಸಿ. ಹಿಂದಿನಿಂದ ಕೂಡಿಟ್ಟ ಸಂಗ್ರಹ ಇರುವವರು ಒಬ್ಬರೋ ಇಬ್ಬರೋ ಎಲ್ಲ ಗುಂಪಿನಲ್ಲೂ ಇರುತ್ತಾರೆ. ಅವರೊಬ್ಬರೇ 3,000 ಹಾಕಿದ್ದರೆ ಸರಾಸರಿ ತಲೆಗೆ 170 ಅಂತ ಬರುತ್ತದೆ. ಕೇಳಲು ಚೆಂದ, ಆದರೆ ಸುಳ್ಳು. ಎಲ್ಲರನ್ನೂ ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ನಿಲ್ಲಿಸಿ, ನಡುವೆ ಇರುವವರು ಎಷ್ಟು ಹಾಕಿದ್ದಾರೆ ನೋಡಿ. ಅದು 12 ಇರಬಹುದು, ಸೊನ್ನೆಯೂ ಇರಬಹುದು. ವರದಿಯಲ್ಲಿ ಅದನ್ನೇ ಬರೆಯಿರಿ.

ಆಮೇಲೆ ಶಿಬಿರದ ಎರಡು ದಿನ ಏರಿದ್ದನ್ನು ಪೂರ್ತಿ ತೆಗೆದುಹಾಕಿ. ಅವತ್ತು ಪಕ್ಕದಲ್ಲಿ ನೀವಿದ್ದಿರಿ, ನೆಟ್ ಇತ್ತು, ಊಟ ಇತ್ತು. ನನ್ನ ಮಟ್ಟಿಗೆ ಬಳಕೆ ಅಂದರೆ ಒಂದೇ: ಮನೆಗೆ ಹೋದ ಮೇಲೆ, ಯಾರೂ ಹೇಳದೆ, ಎರಡನೇ ಸಲ ಪ್ಯಾಟಿಪ್ಯಾನ್ ತೆರೆದವರೆಷ್ಟು? 24ರಲ್ಲಿ ಆರು ಜನ ಅಂತ ಬಂದರೆ ಆರು ಅಂತಲೇ ಬರೆಯಿರಿ. ನಾಚಿಕೆಪಡುವಂಥದ್ದೇನೂ ಇಲ್ಲ.

ಆದರೆ ಈ ಎಣಿಕೆಯನ್ನು ಮೂರು ತಿಂಗಳಿಗೇ ಮಾಡಿ ಮುಗಿಸಬೇಡಿ. ಹೊರಗಿನವರು ಸಾಮಾನ್ಯವಾಗಿ 30 ದಿನ, 90 ದಿನ ಅಂತ ಗೆರೆ ಎಳೆಯುತ್ತಾರೆ. ನೀವು ಶಿಬಿರ ಮಾಡಿದ್ದು ಅಕ್ಟೋಬರ್‌ನಲ್ಲಿ. ಅದರ ಬೆನ್ನಿಗೇ ಅಡಿಕೆ ಗೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಅಡಿಕೆ ಮನೆಯವರು ಆಗ ಲ್ಯಾಪ್‌ಟಾಪ್ ಮುಟ್ಟುತ್ತಾರಾ? ಮಳೆಗಾಲದಲ್ಲಿ ಇನ್ನೊಂದು ಕಥೆ. ಕೂರಲು ಪುರುಸೊತ್ತು ಇರುತ್ತದೆ, ಕರೆಂಟ್ ಇರುವುದಿಲ್ಲ. ಹಾಗಾಗಿ ಅಕ್ಟೋಬರ್‌ನಿಂದ ಅಕ್ಟೋಬರ್‌ಗೆ ಪೂರ್ತಿ ಒಂದು ವರ್ಷ ನೋಡಿ. ಹಣ ಕೊಟ್ಟವರಿಗೆ ಕಾರಣ ಹೇಳಿ, ಒಪ್ಪುತ್ತಾರೆ.

ಎಣಿಸುವುದು ಹೇಗೆ? ಪ್ಯಾಟಿಪ್ಯಾನ್‌ನಿಂದ ಬಂದ ಫೈಲ್‌ಗಳಿಗೆ ಅದರದೇ ಒಂದು ವರ್ಗ ಸೇರಿರುತ್ತದೆ. ಅದನ್ನೊಂದೇ ನಂಬಬೇಡಿ. ವರ್ಗವನ್ನು ಯಾರು ಬೇಕಾದರೂ ತೆಗೆಯಬಹುದು. ಅದಕ್ಕಿಂತ ದೊಡ್ಡ ತೊಡಕೆಂದರೆ, ಹಕ್ಕುಸ್ವಾಮ್ಯದ ಕಾರಣಕ್ಕೆ ಅಳಿಸಿಹೋದ ಫೈಲ್ ವರ್ಗದಲ್ಲಿ ಕಾಣುವುದೇ ಇಲ್ಲ. ಉಳಿದವನ್ನಷ್ಟೇ ಎಣಿಸಿ "ಎಲ್ಲ ಚೆನ್ನಾಗಿದೆ" ಅಂದುಕೊಳ್ಳುತ್ತೇವೆ. ಒಬ್ಬೊಬ್ಬರ ಅಪ್‌ಲೋಡ್ ದಾಖಲೆ ತೆರೆದರೆ ಅಳಿಸಿದ್ದೂ ಕೆಂಪು ಕೊಂಡಿಯಾಗಿ ಕಾಣುತ್ತದೆ. 24 ಜನರದ್ದು ಕೈಯಲ್ಲೇ ನೋಡಬಹುದು, ಒಂದು ಸಂಜೆಯ ಕೆಲಸ. ನೂರಾರು ಜನರಿದ್ದರೆ ಕ್ವಾರಿ ಎಂಬ ಜಾಲತಾಣದಲ್ಲಿ ಎಸ್‌ಕ್ಯುಎಲ್ ಎಂಬ ಪ್ರಶ್ನೆ ಕೇಳುವ ಭಾಷೆಯಲ್ಲಿ ಬರೆದು ವಿಕಿಮೀಡಿಯದ ದತ್ತಾಂಶವನ್ನೇ ಕೇಳಬಹುದು.

ಇನ್ನೊಂದು ವಿಷಯ, ನಮ್ಮ ಕಡೆ ಇದು ಜಾಸ್ತಿ. ಹಳ್ಳಿಯಲ್ಲಿ ನೆಟ್ ಸಿಗದವರು ಪೆನ್‌ಡ್ರೈವ್ ತಂದು ಪೇಟೆಯಲ್ಲಿರುವ ಒಬ್ಬರಿಗೆ ಕೊಡುತ್ತಾರೆ. ಅವರು ತಮ್ಮ ಖಾತೆಯಿಂದ ಏರಿಸುತ್ತಾರೆ. ಖಾತೆ ಎಣಿಸಿದರೆ ಒಬ್ಬರು. ಆದರೆ ಐದು ಮನೆಯವರು ತಮ್ಮ ತಮ್ಮ ಶೀಟ್ ತುಂಬಿರುತ್ತಾರೆ! ಆದ್ದರಿಂದ ಏರಿಸಿದವರನ್ನು ಬೇರೆ, 'ತೆಗೆದವರು' ಕಾಲಂನಲ್ಲಿರುವ ಹೆಸರುಗಳನ್ನು ಬೇರೆ ಎಣಿಸಿ. (ಹೀಗೆ ಇನ್ನೊಬ್ಬರ ಫೋಟೊ ಹಾಕುವಾಗ ತೆಗೆದವರಿಂದ ಕಾಮನ್ಸ್‌ಗೆ ಒಪ್ಪಿಗೆಯ ಇಮೇಲ್ ಹೋಗಬೇಕು. ಇದನ್ನು ಮರೆತೇ ಎಷ್ಟೋ ಫೈಲ್ ಅಳಿಸಿಹೋಗುತ್ತವೆ.)

ಏರಿದ್ದೆಲ್ಲ ಸರಿಯಾಗಿ ಏರಿದೆಯೇ ಅನ್ನುವುದೂ ಲೆಕ್ಕಕ್ಕೆ ಬರಬೇಕು. ನಾನೇ ಒಮ್ಮೆ 300 ಫೋಟೊದ ಶೀಟ್ ತುಂಬುವಾಗ ಮೊದಲ ಸಾಲಿನ ತಾರೀಖನ್ನು ಮೌಸ್‌ನಿಂದ ಕೆಳಗಿನವರೆಗೆ ಎಳೆದೆ. ಸ್ಪ್ರೆಡ್‌ಶೀಟ್ ಜಾಣ. ಸಾಲಿಗೊಂದು ದಿನ ಕೂಡಿಸುತ್ತಾ ಹೋಯಿತು. ಒಂದೇ ಬೆಳಿಗ್ಗೆ ತೆಗೆದ ಫೋಟೊಗಳಲ್ಲಿ ಕೊನೆಯದಕ್ಕೆ ಇನ್ನೂ ಹುಟ್ಟದ ತಾರೀಖು! ಒಂದೂ ತಪ್ಪು ತೋರಿಸದೆ 300ಕ್ಕೆ 300 ಏರಿದವು. ಉಪಕರಣದ ಲೆಕ್ಕದಲ್ಲಿ ಪೂರ್ತಿ ಗೆಲುವು. ತಿದ್ದಲು ನನಗೆ ವಾರ ಹಿಡಿಯಿತು. ಅದಕ್ಕೇ ಹೇಳುವುದು, 4,100ರಲ್ಲಿ ಯಾವುದಾದರೂ ನೂರು ಫೈಲ್ ಚೀಟಿ ಎತ್ತಿ ತೆರೆದು ನೋಡಿ. ವಿವರಣೆ ಆ ಫೋಟೊದ್ದೇನಾ? ಕನ್ನಡದಲ್ಲಿ ಇದೆಯಾ? ಊರಿನ ಹೆಸರಿದೆಯಾ? ನೂರಕ್ಕೆ ಎಷ್ಟು ಸರಿ ಅನ್ನುವುದನ್ನು ವರದಿಯಲ್ಲಿ ಸೇರಿಸಿ.

ಮುಂದಿನ ಶಿಬಿರಕ್ಕೆ ನಿಮ್ಮದೇ ಒಂದು ವರ್ಗ ಮಾಡಿ, ಶೀಟ್‌ನ ವರ್ಗದ ಕಾಲಂನಲ್ಲಿ ಮೊದಲೇ ತುಂಬಿ ಕೊಡಿ. ಗ್ಲಾಮೊರಸ್ ಎಂಬ ಸಾಧನಕ್ಕೆ ಆ ವರ್ಗದ ಹೆಸರು ಕೊಟ್ಟರೆ ಯಾವ ಫೋಟೊ ಯಾವ ಭಾಷೆಯ ವಿಕಿಪೀಡಿಯದಲ್ಲಿ ಬಳಕೆಯಾಗಿದೆ ಅಂತ ತೋರಿಸುತ್ತದೆ. ಆದರೆ ಅದು ಫೋಟೊದ ಲೆಕ್ಕ, ಉಪಕರಣದ್ದಲ್ಲ. ಜೋಗದ ಒಂದು ಒಳ್ಳೆಯ ಫೋಟೊ ಹತ್ತು ಭಾಷೆಗೆ ಹೋಗಬಹುದು. ಇಕ್ಕೇರಿಯ ಒಂದೇ ಕಂಬದ ನಲವತ್ತು ಫೋಟೊ ಎಲ್ಲೂ ಹೋಗಲಿಕ್ಕಿಲ್ಲ.

ಪ್ರಶ್ನೆ: ನಮ್ಮಲ್ಲಿ ಪ್ಯಾಟಿಪ್ಯಾನ್ ಕಲಿತ ಅರ್ಧ ಜನ ವಾಪಸ್ ಕಾಮನ್ಸ್ ಜಾಲತಾಣದ ಸಾಮಾನ್ಯ ಏರಿಸುವ ಪುಟವಾದ ಅಪ್‌ಲೋಡ್ ವಿಝಾರ್ಡ್‌ಗೇ ಹೋಗಿದ್ದಾರೆ. ನಾವು ಸೋತ ಹಾಗೇನಾ?
– ತೀರ್ಥಹಳ್ಳಿಯ ಓದುಗರು

ಉತ್ತರ: ಅವರ ಬಳಿ ಎಷ್ಟು ಫೋಟೊ ಇದೆ ಅಂತ ಮೊದಲು ಕೇಳಿ. ಆಗುಂಬೆಗೆ ಹೋಗಿ ಬಂದು 15 ಫೋಟೊ ಹಾಕುವವರಿಗೆ ವಿಝಾರ್ಡೇ ಸರಿ. ಅದು ಸಾಮಾನ್ಯ ಬಳಕೆದಾರರಿಗೆ ಒಂದು ಸಲಕ್ಕೆ 50 ಫೈಲ್‌ವರೆಗೆ ಬಿಡುತ್ತದೆ. ಮೂರು ಗುಂಟೆ ಗದ್ದೆಗೆ ಟಿಲ್ಲರ್ ಯಾಕೆ? ಹಾಗೇ, ಪ್ಯಾಟಿಪ್ಯಾನ್ ಓಡಲು ಕಂಪ್ಯೂಟರ್ ಬೇಕು. ಬರೀ ಮೊಬೈಲ್ ಇರುವವರನ್ನೂ "ಬಳಸಲಿಲ್ಲ" ಅಂತ ಎಣಿಸುವುದು ಅನ್ಯಾಯ. ಕಂಪ್ಯೂಟರೂ ಇದ್ದು, ಕೈಯಲ್ಲಿ ನೂರಕ್ಕಿಂತ ಹೆಚ್ಚು ಫೋಟೊವೂ ಇದ್ದವರು ಎಷ್ಟು, ಅವರಲ್ಲಿ ಬಳಸಿದವರೆಷ್ಟು? ಶೇಕಡಾ ತೆಗೆಯುವುದಿದ್ದರೆ ಇದರ ಮೇಲೆ ತೆಗೆಯಿರಿ. ಅವರೂ ಬಿಟ್ಟಿದ್ದರೆ ಆಗ ಫೋನ್ ಮಾಡಿ, ಎಲ್ಲಿ ಸಿಕ್ಕಿಕೊಂಡಿತು ಅಂತ ವಿಚಾರಿಸಿ. ನಾನು ಕಂಡಂತೆ ಜನ ಏರಿಸುವಾಗ ಸೋಲುವುದು ಕಡಿಮೆ. ಶೀಟ್ ತುಂಬುವಾಗಲೇ ಬೇಸತ್ತು ಬಿಡುತ್ತಾರೆ.

ಪ್ರಶ್ನೆ: ದತ್ತಾಂಶ ಒಪ್ಪ ಮಾಡುವ ತಂತ್ರಾಂಶವಾದ ಓಪನ್‌ರಿಫೈನ್‌ನಿಂದಲೂ ಕಾಮನ್ಸ್‌ಗೆ ಏರಿಸಬಹುದಂತೆ. ಅದನ್ನೂ ಇದೇ ಲೆಕ್ಕಕ್ಕೆ ಸೇರಿಸಬಹುದಾ?
– ಶಿವಮೊಗ್ಗದ ಓದುಗರು

ಉತ್ತರ: ಹೌದು, 2023ರಲ್ಲಿ ಬಂದ 3.7ನೇ ಆವೃತ್ತಿಯಿಂದ ಏರಿಸಬಹುದು. ಆದರೆ ಎರಡನ್ನೂ ಕೂಡಿಸಬೇಡಿ, ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಓಪನ್‌ರಿಫೈನ್‌ನಲ್ಲಿ ಹೊಸ ಫೈಲ್ ಏರಿಸದೆ, ಮೊದಲೇ ಇರುವ ಫೈಲ್‌ಗೆ ಮಾಹಿತಿ ಮಾತ್ರ ಸೇರಿಸುವವರೂ ಇದ್ದಾರೆ. ಅಪ್‌ಲೋಡ್ ಮಾತ್ರ ಎಣಿಸಿದರೆ ಅವರ ಕೆಲಸ ಪೂರ್ತಿ ಬಿಟ್ಟುಹೋಗುತ್ತದೆ.