ಐದರಿಂದ ಒಂದಕ್ಕೆ: ನನಗೆ ಇಷ್ಟವಾದ ಮ್ಯೂಸಿಕ್ ವಿಡಿಯೊಗಳು

ನಿಮಗೆ ತುಂಬಾ ಇಷ್ಟವಾದ ಐದು ಮ್ಯೂಸಿಕ್ ವಿಡಿಯೊ ಯಾವುವು, ಐದನೆಯದರಿಂದ ಶುರು ಮಾಡಿ ಒಂದಕ್ಕೆ ಬನ್ನಿ ಎಂದು ಕೇಳಿದ್ದೀರಿ. ಸಿನಿಮಾ ಹಾಡು ಬೇಡ ಎಂಬ ಷರತ್ತು ಬೇರೆ. ಅಲ್ಲೇ ಸಿಕ್ಕಿಹಾಕಿಕೊಂಡೆ. ದೂರದರ್ಶನದ ‘ಚಿತ್ರಮಂಜರಿ’ ನೋಡಿ ಬೆಳೆದವನಿಗೆ ಪರದೆ ಮೇಲಿನ ಹಾಡು ಅಂದರೆ ಸಿನಿಮಾ ಹಾಡೇ. ಹೀರೊ ಇಲ್ಲ, ಕಥೆ ಇಲ್ಲ, ಹಾಡಿಗೋಸ್ಕರವೇ ಒಂದು ವಿಡಿಯೊ ಮಾಡ್ತಾರೆ ಅಂತ ಗೊತ್ತಾಗಿದ್ದು ಪಕ್ಕದ ಮನೆಗೆ ಕೇಬಲ್ ಬಂದ ಮೇಲೆ.

ನನ್ನ ಅಳತೆಗೋಲು ಸ್ವಲ್ಪ ವಿಚಿತ್ರ. ಹಾಡು ಚೆನ್ನಾಗಿದ್ದರೆ ಸಾಲದು. ‘ಇದನ್ನ ಹೇಗಪ್ಪಾ ಮಾಡಿದ್ರು?’ ಅಂತ ತಲೆ ಕೆರೆದುಕೊಳ್ಳುವಂತಿರಬೇಕು. ಅದೂ ಕೈಯಲ್ಲಿ ಮಾಡಿದ ಕೆಲಸವಾಗಿದ್ದರೆ ನಾನು ಅಲ್ಲೇ ಫ್ಲಾಟ್.

ಐದನೆಯದಕ್ಕೆ ಈ ಅಳತೆ ಹಾಕಬೇಡಿ, ಅದು ಶುದ್ಧ ಪಕ್ಷಪಾತ. ಅಲೀಶಾ ಚಿನಾಯ್ ಅವರ ‘ಮೇಡ್ ಇನ್ ಇಂಡಿಯಾ’, 1995. ರಾಣಿ ಕೂತಿರ್ತಾಳೆ, ಬಂದ ಗಂಡುಗಳನ್ನೆಲ್ಲ ಬೇಡ ಅಂತಾಳೆ, ಕೊನೆಗೆ ಪೆಟ್ಟಿಗೆಯಿಂದ ಮಿಲಿಂದ್ ಸೋಮನ್ ಬರ್ತಾನೆ. ಇಷ್ಟೇ. ಆದರೆ ಸಂಗೀತ ಮಾಡಿದ ‘ಬಿದ್ದು’ ಎಂಬ ಹೆಸರಿನವರು ಇದ್ದಾರಲ್ಲ, ಅವರು ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು. 1974ರಲ್ಲಿ ಜಗತ್ತನ್ನೇ ಕುಣಿಸಿದ ‘ಕುಂಗ್ ಫು ಫೈಟಿಂಗ್’ ಹಾಡಿನ ನಿರ್ಮಾಪಕರೂ ಅವರೇ. ನಮ್ಮವರು ಅಂತ ಒಂದು ಜಾಗ ಕೊಟ್ಟೆ, ತಪ್ಪಾ?

ನಾಲ್ಕು, ದಲೇರ್ ಮೆಹಂದಿ ಅವರ ‘ತುನಕ್ ತುನಕ್ ತುನ್’, 1998. ಚಂದದ ಹುಡುಗಿಯರು ಕುಣಿಯುವುದರಿಂದಲೇ ಇವರ ಹಾಡು ಓಡುತ್ತೆ ಅಂತ ಜನ ಆಡಿಕೊಂಡರಂತೆ. ಹಾಗಾದರೆ ಯಾರೂ ಬೇಡ ಅಂತ ನಾಲ್ಕು ಬಣ್ಣದ ಬಟ್ಟೆ ಹಾಕಿಕೊಂಡು ನಾಲ್ವರು ದಲೇರ್ ಆಗಿ ತಾವೇ ಕುಣಿದರು. ಗ್ರಾಫಿಕ್ಸ್ ನೋಡಿದರೆ ಈಗ ನಗು ಬರುತ್ತೆ. ಆ ಹಟ ಮಾತ್ರ ನನಗೆ ಬಲು ಇಷ್ಟ.

ಮೂರನೆಯದು ಓಕೆ ಗೋ ಎಂಬ ಅಮೆರಿಕದ ಬ್ಯಾಂಡಿನ ‘ಹಿಯರ್ ಇಟ್ ಗೋಸ್ ಅಗೇನ್’, 2006. ಎಂಟು ಟ್ರೆಡ್‌ಮಿಲ್, ನಾಲ್ಕು ಜನ, ಒಂದೇ ಶಾಟ್. ನಡುವೆ ಒಂದೇ ಒಂದು ಕಟ್ ಇಲ್ಲ. ನಿರ್ದೇಶಕಿ ಟ್ರಿಶ್ ಸೀ, ಗಾಯಕನ ಅಕ್ಕ. ಮನೆಯವರೇ ಸೇರಿಕೊಂಡು ಮಾಡಿದ ಈ ಕಸರತ್ತಿಗೆ ಗ್ರ್ಯಾಮಿ ಬಂತು. ನಾನು ಜಿಮ್‌ನಲ್ಲಿ ಒಂದು ಟ್ರೆಡ್‌ಮಿಲ್ ಮೇಲೆ ಮೊಬೈಲ್ ನೋಡಲು ಹೋಗಿ ಹಿಂದಕ್ಕೆ ಜಾರಿ ಬಿದ್ದವನು. ಹಾಗಾಗಿ ಗೌರವ ಜಾಸ್ತಿ.

ಎರಡು, ಜಮಿರೊಕ್ವಾಯ್ ಎಂಬ ಬ್ರಿಟಿಷ್ ಬ್ಯಾಂಡಿನ ‘ವರ್ಚುವಲ್ ಇನ್ಸ್ಯಾನಿಟಿ’, 1996. ದೊಡ್ಡ ಟೋಪಿ ಹಾಕಿದ ಗಾಯಕ ಒಂದು ಖಾಲಿ ಕೋಣೆಯಲ್ಲಿ ತೇಲಿದ ಹಾಗೆ ಕುಣಿತಾನೆ. ಕಾಲ ಕೆಳಗೆ ನೆಲವೇ ಓಡ್ತಾ ಇರುತ್ತೆ. ಎಷ್ಟೋ ವರ್ಷ ನಾನು ಕೆಳಗೆ ಬೆಲ್ಟ್ ಇದೆ ಅಂದುಕೊಂಡಿದ್ದೆ. ಅಸಲಿಗೆ ನೆಲ ಅಲ್ಲಾಡುವುದೇ ಇಲ್ಲ! ಓಡುವುದು ಗೋಡೆಗಳು. ಕ್ಯಾಮೆರಾನೂ ಗೋಡೆಗೇ ಕಟ್ಟಿರುತ್ತೆ, ಅದಕ್ಕೇ ಗೋಡೆ ನಿಂತ ಹಾಗೆ, ನೆಲ ಸರಿದ ಹಾಗೆ ಕಾಣುತ್ತೆ. ರೈಲಿನಲ್ಲಿ ಕೂತಾಗ ಪಕ್ಕದ ರೈಲು ಹೊರಟರೆ ನಮ್ಮದೇ ಹೊರಟಿತು ಅನ್ನಿಸುತ್ತಲ್ಲ, ಅದೇ ಕಥೆ. ಗುಟ್ಟು ಗೊತ್ತಾದ ಮೇಲೆ ನೋಡಿದರೂ ಕಣ್ಣು ಮತ್ತೆ ಮೋಸ ಹೋಗುತ್ತೆ.

ಇಷ್ಟೊತ್ತಿಗೆ ಯಾರೋ ಒಬ್ಬರು ‘ಮಿಲೇ ಸುರ್ ಎಲ್ಲಿ?’ ಅಂತ ಕೇಳಲು ಕಾಯ್ತಾ ಇರ್ತೀರಿ. ದೂರದರ್ಶನದಲ್ಲಿ ಬರ್ತಿದ್ದ ದೇಶದ ಏಕತೆಯ ಹಾಡು, 1988ರದ್ದು, ನಮ್ಮ ಗದಗ ಸೀಮೆಯ ಭೀಮಸೇನ ಜೋಶಿಯವರ ದನಿಯಿಂದ ಶುರುವಾಗುವುದು. ಅದನ್ನು ಸ್ಪರ್ಧೆಗೆ ಇಳಿಸಲ್ಲ. ಅಮ್ಮನ ಸಾರಿಗೆ ಯಾರಾದರೂ ಮಾರ್ಕ್ಸ್ ಹಾಕ್ತಾರಾ?

ಒಂದನೆಯದು ನಾರ್ವೆಯ ಆಹಾ ಬ್ಯಾಂಡಿನ ‘ಟೇಕ್ ಆನ್ ಮಿ’. ಈ ಹಾಡು 1984ರಲ್ಲಿ ಒಮ್ಮೆ ಬಂದು ತೋಪಾಗಿತ್ತು. ಬೇರೆ ವಿಡಿಯೊನೂ ಇತ್ತು, ಕೇಳುವವರಿರಲಿಲ್ಲ. ಮರುವರ್ಷ ಹಾಡನ್ನು ಹೊಸದಾಗಿ ರೆಕಾರ್ಡ್ ಮಾಡಿದರು. ಸ್ಟೀವ್ ಬ್ಯಾರನ್ ಹೊಸ ವಿಡಿಯೊ ಮಾಡಿದ. ಹೋಟೆಲಿನಲ್ಲಿ ಕೂತ ಹುಡುಗಿ ಕಾಮಿಕ್ಸ್ ಓದ್ತಾ ಇರ್ತಾಳೆ. ಪುಟದೊಳಗಿಂದ ಪೆನ್ಸಿಲ್ ಗೀಟಿನ ಕೈಯೊಂದು ಹೊರಬಂದು ಅವಳನ್ನು ಕರೆಯುತ್ತೆ. ಒಳಗೆ ಹೋದರೆ ಅವಳೂ ಚಿತ್ರವೇ. ಮೊದಲು ಮನುಷ್ಯರನ್ನು ಶೂಟ್ ಮಾಡಿ, ಆಮೇಲೆ ಆ ಫ್ರೇಮುಗಳ ಮೇಲೆ ಒಂದೊಂದಾಗಿ ಕೈಯಲ್ಲಿ ಬರೆದದ್ದು ಅದು. ಸುಮಾರು 3,000 ಫ್ರೇಮು! ಮೈಕೆಲ್ ಪ್ಯಾಟರ್ಸನ್ ಮತ್ತು ಕ್ಯಾಂಡೇಸ್ ರೆಕಿಂಜರ್ ಎಂಬ ಇಬ್ಬರ ತಂಡಕ್ಕೆ ಹಿಡಿದ ಕಾಲ ನಾಲ್ಕು ತಿಂಗಳು.

ನಾನೂ ಎಂಟನೇ ಕ್ಲಾಸಿನಲ್ಲಿ ಗಣಿತದ ನೋಟ್‌ಬುಕ್ ಮೂಲೆಯಲ್ಲಿ ಕಡ್ಡಿ ಮನುಷ್ಯನನ್ನು ಪುಟಪುಟಕ್ಕೂ ಬರೆದು, ಹೆಬ್ಬೆರಳಲ್ಲಿ ಫರ್ ಅಂತ ಬಿಟ್ಟು ಓಡಿಸ್ತಿದ್ದೆ. ನೂರು ಪುಟಕ್ಕೆ ಕೈ ಸೋತು ಹೋಗ್ತಿತ್ತು. ಆ ಕಡ್ಡಿ ಮನುಷ್ಯ ಓಡಿ ಓಡಿ ಕೊನೆಯ ಪುಟದಲ್ಲಿ ಬಾವಿಗೆ ಬೀಳ್ತಿದ್ದ, ಅದಕ್ಕಿಂತ ಒಳ್ಳೆ ಅಂತ್ಯ ನನಗೆ ಹೊಳೆದಿರಲಿಲ್ಲ. ‘ಟೇಕ್ ಆನ್ ಮಿ’ ಕೊನೆಯಲ್ಲಿ ಆ ಕಾಮಿಕ್ಸಿನ ಹುಡುಗ ಮನೆಯ ಪ್ಯಾಸೇಜಿನ ಎರಡೂ ಗೋಡೆಗೆ ಮೈ ಅಪ್ಪಳಿಸ್ತಾನೆ. ಒಂದು ಏಟಿಗೆ ಮನುಷ್ಯ, ಇನ್ನೊಂದು ಏಟಿಗೆ ಪೆನ್ಸಿಲ್ ಗೀಟು. ಆ ಜಾಗ ಬಂದಾಗ ನಾನು ಈಗಲೂ ಸೀಟಿನ ತುದಿಗೆ ಬಂದಿರ್ತೀನಿ.