ಡೆಲಾವೇಗಾಕ್ಕೆ ಹೋಗುವಾಗ ಆ ಡ್ರೈವರನ್ನು ಮನೆಯಲ್ಲೇ ಬಿಡಿ

ಸರ್, ಶನಿವಾರ ಹತ್ತು ವರ್ಷದ ಮಗಳ ಜೊತೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಿಂದ ಸಾಂತಾ ಕ್ರೂಜ್‌ನ ಡೆಲಾವೇಗಾ ಕೋರ್ಸಿಗೆ ಹೋಗಿ ಮೊದಲ ಸಲ ಡಿಸ್ಕ್ ಗಾಲ್ಫ್ (ತಟ್ಟೆಯಂಥ ಡಿಸ್ಕನ್ನು ಎಸೆದೆಸೆದು ಸರಪಳಿ ತೂಗುವ ಬುಟ್ಟಿಗೆ ಹಾಕುವ ಆಟ) ಆಡುತ್ತೇನೆ, ವೇಗ 12ರ ಡ್ರೈವರ್ (ದೂರಕ್ಕೆ ಎಸೆಯುವ ಡಿಸ್ಕ್) ಕೊಂಡಿದ್ದೇನೆ, ಎಸೆದದ್ದೆಲ್ಲ ಎಡಕ್ಕೇ ಬೀಳುತ್ತಿದೆ ಎಂದು ಬರೆದಿದ್ದೀರಿ. ತಪ್ಪು ನಿಮ್ಮ ಕೈಯದಲ್ಲ, ಕೊಂಡ ಡಿಸ್ಕಿನದು.

ಡಿಸ್ಕಿನ ಮೇಲಿನ ನಾಲ್ಕು ಅಂಕಿಗಳನ್ನು ನೋಡಿ. ಮೊದಲನೆಯದು ವೇಗ, ಎರಡನೆಯದು ಗಾಳಿಯಲ್ಲಿ ತೇಲುವ ಗುಣ. ಮೂರನೆಯದು ರಭಸದಲ್ಲಿರುವಾಗ ಬಲಕ್ಕೆ ಹೊರಳುವುದನ್ನು, ನಾಲ್ಕನೆಯದು ರಭಸ ತಗ್ಗಿದಾಗ ಎಡಕ್ಕೆ ವಾಲುವುದನ್ನು ಹೇಳುತ್ತದೆ. ಬಲಗೈಯವರು ಮಣಿಕಟ್ಟನ್ನು ಎದೆಯತ್ತ ಮಡಚಿ ಹಿಂಗೈಯಿಂದ ಎಸೆದಾಗಿನ ಲೆಕ್ಕ ಇದು. ವೇಗ 12 ಎಂದರೆ ಅಷ್ಟು ರಭಸವನ್ನು ನೀವು ಕೊಡಬೇಕು ಎಂದು ಅರ್ಥವೇ ಹೊರತು ಡಿಸ್ಕ್ ತಾನಾಗಿ ಕೊಡುತ್ತದೆ ಎಂದಲ್ಲ. ಹೊಸಬರ ಕೈಯಲ್ಲಿ ಅದು ಏಳುವ ಮೊದಲೇ ಸೋತು ಎಡಕ್ಕೆ ಬೀಳುತ್ತದೆ. ನಾನೂ ಮೊದಲ ವರ್ಷ ಇದೇ ವ್ಯಾಮೋಹದಲ್ಲಿ ಹಣ ಕಳೆದವನು.

ಬದಲಿಗೆ ಒಂದು ಪಟ್ಟರ್ (ಹತ್ತಿರದಿಂದ ಬುಟ್ಟಿಗೆ ಹಾಕುವ ನಿಧಾನದ ಡಿಸ್ಕ್) ಮತ್ತು 6, 5, -2, 1 ಅಂಕಿಗಳಿರುವ ಲೆಪರ್ಡ್‌ನಂಥ ಒಂದು ಡಿಸ್ಕ್ ಸಾಕು. ಮಗಳಿಗೆ 150 ಗ್ರಾಂ ಆಸುಪಾಸಿನ ಹಗುರವಾದದ್ದನ್ನು ಕೊಡಿಸಿ. ಶುಕ್ರವಾರದೊಳಗೆ ಎರಡು ಸಂಜೆ ಬಯಲಿನಲ್ಲಿ ಪಟ್ಟರನ್ನೇ ಎಸೆದು ನೋಡಿ. ಅದು ಅರವತ್ತು ಎಪ್ಪತ್ತು ಅಡಿ ನೇರ ಹೋದರೆ ನೀವು ತಯಾರಾದಂತೆ. (ನಮ್ಮ ಮನೆಯಲ್ಲಿ ನಾನು ತಟ್ಟೆ ಎಸೆಯಲು ಹೊರಟೆ ಎಂದರೆ ಅತ್ತೆ ಇಂದಿಗೂ ಅಡುಗೆಮನೆಯ ಕಡೆ ತಿರುಗಿ ನೋಡುತ್ತಾರೆ.)

ಇನ್ನು ಜಾಗದ ವಿಷಯ. 1984ರಲ್ಲಿ ಆರಂಭವಾದ ಹಳೆಯ ಕೋರ್ಸ್ ಇದು, ಸುಲಭದ್ದಲ್ಲ. ಓಕ್ ಮರಗಳ ನಡುವೆ ದಾರಿ, ಪಕ್ಕದಲ್ಲಿ ಕಮರಿ. ಕಮರಿಗಿಂತ ಹೆಚ್ಚು ಹೆದರಬೇಕಾದದ್ದು ಪಾಯ್ಸನ್ ಓಕ್ ಗಿಡಕ್ಕೆ. ಹೆಸರಿನಲ್ಲಿ ಓಕ್ ಇದ್ದರೂ ಅದು ನಮ್ಮ ಗೇರಿನ ಬಳಗದ್ದು. ಹಸಿ ಗೇರುಬೀಜ ಸುಲಿದು ಕೈ ಸುಟ್ಟುಕೊಂಡ ಕರಾವಳಿಯವರಿಗೆ ಅದರ ಎಣ್ಣೆಯ ಗುಣವನ್ನು ವಿವರಿಸಬೇಕಿಲ್ಲ. ಮೂರು ಮೂರು ಎಲೆ ಒಟ್ಟಿಗಿರುವ ಪೊದೆ ಕಂಡರೆ ಮಗಳನ್ನು ಒಳಗೆ ಬಿಡಬೇಡಿ. ಉದ್ದ ಪ್ಯಾಂಟ್ ಹಾಕಿಸಿ. ಪೊದೆಗೆ ತಾಗಿದ ಡಿಸ್ಕಿನ ಮೇಲೂ ಎಣ್ಣೆ ಉಳಿಯುತ್ತದೆ, ಮನೆಗೆ ಬಂದ ಕೂಡಲೇ ಡಿಸ್ಕ್, ಕೈ, ಬಟ್ಟೆ ಎಲ್ಲವನ್ನೂ ಸೋಪು ಹಾಕಿ ತೊಳೆಯಿರಿ. ನಾನು ಒಮ್ಮೆ ಡಿಸ್ಕನ್ನು ಮರೆತು ಕೈ ಮಾತ್ರ ತೊಳೆದೆ. ಹತ್ತು ದಿನ ತುರಿಸಿಕೊಂಡೆ.

ನಿಯಮಗಳು ಹೆಚ್ಚೇನಿಲ್ಲ. ಡಿಸ್ಕ್ ಬಿದ್ದಲ್ಲಿಂದ ಮುಂದಿನ ಎಸೆತ, ಬುಟ್ಟಿಗೆ ದೂರ ಇರುವವರಿಗೆ ಮೊದಲ ಸರದಿ. ಬುಟ್ಟಿಯಿಂದ 10 ಮೀಟರ್ ಒಳಗೆ ನಿಂತು ಎಸೆದ ಮೇಲೆ ಮುಂದಕ್ಕೆ ಮುಗ್ಗರಿಸದೆ ನಿಲ್ಲಬೇಕು. ಕಳೆದ ಡಿಸ್ಕನ್ನು ಹುಡುಕಲು 3 ನಿಮಿಷ. ಹಿಂದಿನ ತಂಡ ಕಾಯುತ್ತಿದ್ದರೆ ನೀವೇ ಕರೆದು ದಾರಿ ಬಿಡಿ. ಮಕ್ಕಳೊಂದಿಗೆ ಆಡುವವರು ಇದನ್ನು ಮಾಡಿದರೆ ಅಲ್ಲಿನವರು ತುಂಬ ಒಳ್ಳೆಯವರಾಗಿಬಿಡುತ್ತಾರೆ. ಪಾರ್ 3, ಅಂದರೆ ಮೂರು ಎಸೆತದಲ್ಲಿ ಮುಗಿಸಬೇಕು, ಎಂದು ಬರೆದಿರುವ ಕಡೆ ನಿಮಗೆ ಆರು ಎಸೆತ ಬೇಕಾಗಬಹುದು. ಮಗಳ ಲೆಕ್ಕವನ್ನು ಬರೆಯಲೇ ಬೇಡಿ. ಡಿಸ್ಕ್ ಸರಪಳಿಗೆ ಬಡಿದು ಬುಟ್ಟಿಗೆ ಬೀಳುವ ಸದ್ದೊಂದೇ ಅವಳಿಗೆ ಸಾಕು.

ಪೂರ್ತಿ ಆಡುವ ಹಟ ಬೇಡ, ಒಂಬತ್ತು ಬುಟ್ಟಿ ಮುಗಿಸಿ ಬುತ್ತಿ ಬಿಚ್ಚಿ. ಆದರೆ 27ನೆಯದಕ್ಕೆ ಸುಮ್ಮನೆ ನಡೆದಾದರೂ ಹೋಗಿ. ಅದಕ್ಕೆ ‘ಟಾಪ್ ಆಫ್ ದ ವರ್ಲ್ಡ್’ ಎಂದು ಹೆಸರು. ಗುಡ್ಡದ ನೆತ್ತಿಯಿಂದ ಕೆಳಗೆ 500 ಅಡಿಗೂ ಮೀರಿದ ಎಸೆತ. ಅಲ್ಲಿ ಆ 12ರ ಡ್ರೈವರನ್ನು ಎಸೆಯುವ ಆಸೆ ಬಂದೇ ಬರುತ್ತದೆ, ಅದಕ್ಕೇ ಮನೆಯಲ್ಲಿ ಬಿಡಿ ಎಂದದ್ದು.

ಎಲ್ಲ ಡಿಸ್ಕಿನ ಅಡಿಭಾಗದಲ್ಲಿ ಮಾರ್ಕರಿನಿಂದ ಮೊಬೈಲ್ ಸಂಖ್ಯೆ ಬರೆಯಿರಿ. ಕಮರಿಗೆ ಬಿದ್ದ ನನ್ನದೊಂದು ಎರಡು ತಿಂಗಳ ಮೇಲೆ ಫೋನ್ ಮಾಡಿಸಿಕೊಂಡು ವಾಪಸ್ ಬಂದಿದೆ.