ಹಿಡಿ ಅಕ್ಕಿಯ ಪಾದ್ರಿ

ಪ್ರಿಯ ಓದುಗರೇ,

ಮಗಳನ್ನು ಬೆಂಗಳೂರಿನ ಕ್ರೈಸ್ಟ್ ಯೂನಿವರ್ಸಿಟಿಗೆ ಸೇರಿಸಿ ಬಂದು ನೀವು ಬರೆದ ಪತ್ರ ಸಿಕ್ಕಿತು. 'ಅದನ್ನು ನಡೆಸುವ ಸಿ.ಎಂ.ಐ. ಅನ್ನೋ ಕ್ಯಾಥೊಲಿಕ್ ಸನ್ಯಾಸಿಗಳ ಸಭೆಯನ್ನು ಕಟ್ಟಿದ ಚಾವರ ಯಾರು? ಶಾಲೆಗೆ ಮಲಯಾಳಿಗಳು ಹೇಳುವ ಪಳ್ಳಿಕ್ಕೂಡಂ ಅನ್ನೋ ಪದವನ್ನು ಹುಟ್ಟಿಸಿದ್ದೇ ಅವರಂತೆ, ನಿಜವಾ?' ಅಂತ ಕೇಳಿದ್ದೀರಿ.

ಎರಡನೆಯದು ನಿಜವಲ್ಲ. ಮಲಯಾಳದಲ್ಲಿ ಚರ್ಚಿಗೆ ಪಳ್ಳಿ ಅಂತಾರೆ. ಅದನ್ನಿಟ್ಟುಕೊಂಡು, ಚರ್ಚಿಗೆ ಸೇರಿದ ಶಾಲೆಯೇ ಪಳ್ಳಿಕ್ಕೂಡಂ ಅಂತ ಕತೆ ಕಟ್ಟುವುದು ಸುಲಭ. ಆದರೆ ತಮಿಳರೂ ಶಾಲೆಗೆ ಪಳ್ಳಿಕ್ಕೂಡಂ ಅಂತಲೇ ಅನ್ನುತ್ತಾರಲ್ವಾ? ಜೈನರ, ಬೌದ್ಧರ ನೆಲೆಗಳಿಗೆ ಪಳ್ಳಿ ಅನ್ನುತ್ತಿದ್ದ ಕಾಲದ ಪದ ಅದು.

ಕುರಿಯಾಕೋಸ್ ಏಲಿಯಾಸ್ ಚಾವರ ಹುಟ್ಟಿದ್ದು 1805ರಲ್ಲಿ, ಕೇರಳದ ಕುಟ್ಟನಾಡಿನ ಕೈನಕರಿಯಲ್ಲಿ. ಸೆಮಿನರಿಯಲ್ಲಿ ಓದುತ್ತಿದ್ದಾಗಲೇ ಅಪ್ಪ, ಅಮ್ಮ ತೀರಿಕೊಂಡರು. 1829ರಲ್ಲಿ ಪಾದ್ರಿಯಾದರು. 1831ರಲ್ಲಿ ಕೋಟ್ಟಯಂ ಹತ್ತಿರದ ಮಾನ್ನಾನಂನಲ್ಲಿ ಸಭೆ ಶುರುವಾಯಿತು. ಪಾಲಕ್ಕಲ್ ತೋಮಾ, ಪೋರೂಕರ ತೋಮಾ ಎಂಬ ಇಬ್ಬರು ಪಾದ್ರಿಗಳೂ ಜೊತೆಗಿದ್ದರು. ಹಾಗಾಗಿ ಇವರೊಬ್ಬರೇ ಕಟ್ಟಿದರು ಅನ್ನುವಂತಿಲ್ಲ.

1846ರಲ್ಲಿ ಮಾನ್ನಾನಂನಲ್ಲೇ ಸಂಸ್ಕೃತ ಶಾಲೆ ತೆರೆದರು. ಅಲ್ಲೇ ಮರದ ಅಚ್ಚಿನ ಯಂತ್ರವನ್ನೂ ಮಾಡಿಸಿದರು. ಬಾಳೆದಿಂಡಿನಲ್ಲಿ ಮಾದರಿ ಮಾಡಿ ಬಡಗಿಗೆ ತೋರಿಸಿದರಂತೆ. ಪತ್ರಿಕೆ ನಡೆಸುವ ನನಗೆ ಈ ಬಾಳೆದಿಂಡಿನ ಮೇಲೆ ಸ್ವಲ್ಪ ಜಾಸ್ತಿಯೇ ಪ್ರೀತಿ. 1887ರಲ್ಲಿ 'ನಸ್ರಾಣಿ ದೀಪಿಕಾ' ಪತ್ರಿಕೆ ಹೊರಟಿದ್ದೂ ಮಾನ್ನಾನಂನಿಂದಲೇ.

1861ರಲ್ಲಿ ವಿಕಾರ್ ಜನರಲ್, ಅಂದರೆ ಬಿಷಪ್ ಪರವಾಗಿ ಆಡಳಿತ ನೋಡುವ ಪಾದ್ರಿ, ಆದ ಮೇಲೆ, ಒಂದೊಂದು ಚರ್ಚಿಗೂ ಒಂದೊಂದು ಶಾಲೆ ಇರಲೇಬೇಕು ಅಂದರು. ಕೇರಳದಲ್ಲಿ ಎಲ್ಲರಿಗಿಂತ ಮೊದಲು ಶಾಲೆ ತೆರೆದವರು ಇವರು ಅಂತೇನೂ ಅಲ್ಲ. ಕೋಟ್ಟಯಂನಲ್ಲಿ ಸಿ.ಎಂ.ಎಸ್. ಅನ್ನೋ ಇಂಗ್ಲೆಂಡಿನ ಪ್ರಾಟೆಸ್ಟೆಂಟ್ ಸಂಸ್ಥೆಯ ಮಿಷನರಿಗಳು ಮೊದಲೇ ತೆರೆದಿದ್ದರು. ಆದರೆ ಇವರು ಹಸಿವನ್ನು ಲೆಕ್ಕಕ್ಕೆ ತಗೊಂಡರು. ಕೂಲಿಯವರ ಮಗು ಹೊಟ್ಟೆಗಿಲ್ಲದೆ ಸುಮ್ನೆ ಶಾಲೆಗೆ ಬಂದು ಕೂರುತ್ತದೆಯೇ? ಅದಕ್ಕೆ 'ಪಿಡಿಯರಿ' ಅಂತ ಮಾಡಿದರು. ಪಿಡಿ ಅಂದರೆ ನಮ್ಮ ಹಿಡಿಯೇ, ಹಳಗನ್ನಡದಲ್ಲಿ ನಾವೂ ಪಿಡಿ ಅನ್ನುತ್ತಿದ್ದೆವು. ಅರಿ ಅಂದರೆ ಅಕ್ಕಿ. ಅನ್ನಕ್ಕಿಡುವಾಗ ಮನೆಯಾಕೆ ಒಂದು ಹಿಡಿ ತೆಗೆದಿಡುವುದು, ಅದೆಲ್ಲ ಸೇರಿ ಬಡ ಮಕ್ಕಳ ಮಧ್ಯಾಹ್ನದ ಊಟ. ದೊಡ್ಡ ದಾನಿಗಳನ್ನು ಕಾಯಲಿಲ್ಲ.

1866ರಲ್ಲಿ ಕೂನಮ್ಮಾವಿನಲ್ಲಿ, ಇಟಲಿಯ ಪಾದ್ರಿ ಲಿಯೊಪೋಲ್ಡ್ ಬೆಕ್ಕಾರೊ ಜೊತೆ ಸೇರಿ ಸನ್ಯಾಸಿನಿಯರ ಸಭೆ ಶುರು ಮಾಡಿದರು. 1871ರ ಜನವರಿ 3ರಂದು ತೀರಿಕೊಂಡಿದ್ದೂ ಅಲ್ಲೇ. 2014ರಲ್ಲಿ ಪೋಪ್ ಫ್ರಾನ್ಸಿಸ್ ಸಂತ ಪದವಿ ಕೊಟ್ಟರು.

ಮಗಳಿಗೆ ಮಲಯಾಳಿ ಗೆಳತಿಯರು ಸಿಕ್ಕೇ ಸಿಗುತ್ತಾರೆ. ಅವರ ಅಜ್ಜಿಯರ ಮನೆಯಲ್ಲಿ ಪಿಡಿಯರಿ ಮಡಕೆ ಇತ್ತಾ ಅಂತ ಕೇಳಲು ಹೇಳಿ. ಇತ್ತು ಅಂದರೆ ನಮಗೂ ಎರಡು ಸಾಲು ಬರೆದು ಹಾಕಿ.

— ಸಂಪಾದಕ